ನಾಟಿ ಟೊಮೆಟೊದ ನಡಿಗೆ

ಸಂಜೆ ಐದರೊಳಗೆ ತನ್ನ ಸಿನಿಮಾವನ್ನು ಕಾಲೇಜಿಗೆ ಕಳಿಸದಿದ್ದರೆ ಸಬಾಳ ಅನಿಮೇಷನ್ ಡಿಪ್ಲೊಮಾದ ಕೊನೆಯ ವರ್ಷ ಇನ್ನೂ ಒಂದು ವರ್ಷ ಉದ್ದವಾಗುತ್ತಿತ್ತು. ಸಿನಿಮಾ ಎಂದರೆ ಹತ್ತೇ ಸೆಕೆಂಡು. ಒಂದು ಟೊಮೆಟೊ ಕ್ರೇಟಿನಿಂದ ಇಳಿದು ಮೇಜಿನ ಆ ತುದಿಗೆ ನಡೆದು ಹೋಗಬೇಕು. ಟೊಮೆಟೊಗೆ ಕಾಲಿಲ್ಲವಾದ್ದರಿಂದ ಅದನ್ನು ಒಂದೊಂದು ಅವರೆಕಾಳಿನಷ್ಟು ಸರಿಸಿ, ಸರಿಸಿದಾಗಲೆಲ್ಲ ಫೋಟೊ ತೆಗೆದು, ನೂರಿಪ್ಪತ್ತನ್ನೂ ಸಾಲಾಗಿ ಓಡಿಸಬೇಕು.

ಹಣ್ಣು, ಮೇಜು, ಕೋಣೆ ಎಲ್ಲ ಸುಗಟೂರಿನ ಚನ್ನರಾಯಪ್ಪನವರದು. ಅವರು ಸಬಾಳ ಅಪ್ಪ ಮುಖ್ತಿಯಾರನ ಹಳೇ ಸ್ನೇಹಿತರು. ತಮ್ಮ ತೋಟದ ನಾಟಿ ಟೊಮೆಟೊ ಸಿನಿಮಾ ಸೇರುತ್ತಿದೆಯೆಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಸರಿಸುವ ಕೆಲಸ ತಮ್ಮದೇ ಎಂದು ಕೂತಿದ್ದರು. ಅವರ ಅಂಗೈ ಎಷ್ಟು ಅಗಲವೆಂದರೆ, ಸರಿಸುವಾಗ ಹಣ್ಣೇ ಕಾಣುತ್ತಿರಲಿಲ್ಲ.

ನೂರಿಪ್ಪತ್ತೂ ತೆಗೆದು ಓಡಿಸಿ ನೋಡಿದರೆ, ನಡೆಯಬೇಕಾದ್ದು ಟೊಮೆಟೊ, ನಡೆದದ್ದು ಬಣ್ಣ. ಹಣ್ಣು ಒಮ್ಮೆ ಕಡುಗೆಂಪು, ಒಮ್ಮೆ ಕಿತ್ತಳೆ. ಹಿಂದಿನ ಗೋಡೆ ಒಮ್ಮೆ ನೀಲಿ, ಒಮ್ಮೆ ಹಳದಿ. ಸಬಾ ವೆಬ್‌ಕ್ಯಾಮಿನ ಸೆಟ್ಟಿಂಗ್ ತೆರೆದಳು. ಬೆಳಕು, ಫೋಕಸ್, ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್, ಮೂರನ್ನೂ ಕ್ಯಾಮೆರಾ ತಾನೇ ಬದಲಿಸಿಕೊಳ್ಳುವ ಆಟೋದಲ್ಲಿಟ್ಟಿತ್ತು. ಬಿಳಿ ಅಂಗಿ ಬಗ್ಗಿದಾಗ ಕ್ಯಾಮೆರಾ ಚಿತ್ರವನ್ನು ಮಂಕು ಮಾಡುತ್ತಿತ್ತು, ಹಿಂದೆ ಸರಿದರೆ ಬೆಳಗಿಸುತ್ತಿತ್ತು, ಜೊತೆಗೆ ಬಣ್ಣವನ್ನೂ ತಿದ್ದುತ್ತಿತ್ತು. ಯಾರೂ ಕೇಳದೆ ಬುದ್ಧಿ ಹೇಳುವ ಬೀಗರ ಹಾಗೆ. ಮೂರರ ಆಟೋವನ್ನೂ ಆಫ್ ಮಾಡಿ, ಒಂದೊಂದಕ್ಕೂ ಒಂದೇ ಅಳತೆ ಗೊತ್ತುಮಾಡಿ, ಕಿಟಕಿಗೆ ಗೋಣಿಚೀಲ ಕಟ್ಟಿ, ಒಂದೇ ಬಲ್ಬ್ ಉರಿಸಿ, ಮತ್ತೆ ನೂರಿಪ್ಪತ್ತು ತೆಗೆದಳು.

ಈ ಸಲ ಗೋಡೆಯ ಬಣ್ಣ ಅಲುಗಲಿಲ್ಲ. ಹಣ್ಣಿನದು ಮಾತ್ರ ನಿಲ್ಲಲಿಲ್ಲ. ಫೋಟೊಗಳನ್ನು ದೊಡ್ಡದು ಮಾಡಿ ನೋಡಿದಳು. ನಲವತ್ತನೆಯದರಲ್ಲಿ ಹಣ್ಣಿಗೆ ತೊಟ್ಟು ಇತ್ತು. ನಲವತ್ತೊಂದರಲ್ಲಿ ಇರಲಿಲ್ಲ. ಆಗಲೇ ನಾಲ್ಕು ಗಂಟೆ. ಎದ್ದು ಬಗ್ಗಿ ನೋಡಿದರೆ ಚನ್ನರಾಯಪ್ಪನವರ ಸ್ಟೂಲಿನ ಕೆಳಗೆ ಒಂದು ಬುಟ್ಟಿ, ಅದರಲ್ಲಿ ಒಂಬತ್ತು ಟೊಮೆಟೊ.

“ಹಣ್ಣು ಬದ್ಲಾಯಿಸ್ತಾ ಇದ್ರಾ ಮಾವ?”

“ಇನ್ನೇನ್ ಮಾಡ್ಲಮ್ಮ, ಹಿಡ್ದು ಹಿಡ್ದು ಮೆತ್ತಗಾಗೋಯ್ತು. ಅದನ್ನೇ ಮುಂದಿಟ್ರೆ, ಇದ್ಯಾವನ ತೋಟದ್ದು ಅನ್ನಲ್ವಾ ನೋಡ್ದೋರು?”

ನಲವತ್ತು ವರ್ಷ ಮಂಡಿಗೆ ಹಣ್ಣು ಆರಿಸಿದ ಕೈ. ಮೆತ್ತಗಿದ್ದದ್ದು ತಗುಲಿದರೆ ತಾನಾಗಿಯೇ ಎತ್ತಿ ಪಕ್ಕಕ್ಕಿಡುತ್ತಿತ್ತು. ಕ್ಯಾಮೆರಾದ ಆಟೋ ಆಫ್ ಮಾಡಿದ್ದ ಸಬಾ ಈ ಕೈಯನ್ನು ಮರೆತಿದ್ದಳು. ಏನೇ ಆಗಲಿ ಒಂದೇ ಹಣ್ಣು ಇರಲಿ, ನೋಡುವವರು ಅದರ ಜೊತೆಗೇ ನಡೆದು ಬರುತ್ತಾರೆ ಎಂದಷ್ಟೇ ಹೇಳಿದಳು.

ಒಂದೇ ಹಣ್ಣಿಟ್ಟು ಮೂರನೇ ಸಲ ಮೊದಲಿನಿಂದ ಶುರುಮಾಡಿದರು. ಎಂಬತ್ತನೇ ಫೋಟೊಗೆ ಹಣ್ಣು ಒಂದು ಕಡೆ ವಾಲಿತು. ನೂರಕ್ಕೆ ಸಿಪ್ಪೆ ಸುಕ್ಕಾಯಿತು. ಚನ್ನರಾಯಪ್ಪನವರ ಕೈ ಎರಡು ಸಲ ಬುಟ್ಟಿಯವರೆಗೆ ಹೋಗಿ ಬರಿದೇ ಹಿಂದಕ್ಕೆ ಬಂತು.

ಐದಕ್ಕೆ ಎಂಟು ನಿಮಿಷವಿರುವಾಗ ಸಿನಿಮಾ ಇಂಟರ್ನೆಟ್ಟಿನಲ್ಲಿ ಕಾಲೇಜಿಗೆ ಹೋಯಿತು. ಆಮೇಲೆ ಅವರಿಗೆ ಹಾಕಿ ತೋರಿಸಿದಳು. ಕ್ರೇಟಿನಿಂದ ಜಂಬ ಮಾಡುತ್ತ ಇಳಿದ ಟೊಮೆಟೊ ಸುಸ್ತಾಗಿ, ಸುಕ್ಕಾಗಿ, ವಾಲುತ್ತ ಮೇಜಿನ ತುದಿ ಮುಟ್ಟಿತು. ಅವರು ಇನ್ನೊಂದು ಸಲ ಹಾಕಿಸಿಕೊಂಡು ನೋಡಿದರು.

“ಪಾಪ,” ಎಂದರು, “ಎಷ್ಟ್ ದೂರ ನಡ್ಕೊಂಡ್ ಬಂತಮ್ಮ ಅದು.”