ಓಡೆಲ್ ಟಿಲ್ಮನ್‌ನ ಸೂಟು

ಅರವತ್ತು ವರ್ಷದಲ್ಲಿ ಓಡೆಲ್ ಟಿಲ್ಮನ್ ಸೂಟು ಹಾಕದೆ ಗಿಟಾರು ಮುಟ್ಟಿದವನಲ್ಲ. ಮಿಸ್ಸಿಸಿಪ್ಪಿಯ ಹತ್ತಿ ಸೀಮೆಯಲ್ಲಿ ಬ್ಲೂಸ್ ಎಂಬ ನೋವಿನ ಹಾಡು ಹಾಡುವ ಕರಿಯರೆಲ್ಲ ಹಾಗೇ. ವಾರವಿಡೀ ಹೊಲದ ಬಟ್ಟೆ. ಶನಿವಾರ ಹಾಡಲು ಹೊರಟರೆ ಗರಿಗರಿ ಇಸ್ತ್ರಿ, ಮುಖ ಕಾಣುವಂಥ ಬೂಟು. ಈ ಸಲ ಅವನೂರಲ್ಲೇ ಬ್ಲೂಸ್ ಉತ್ಸವ. ಊರೂರು ಸುತ್ತಿ ಹಾಡಿದವನಿಗೆ ಹುಟ್ಟಿದೂರಿನ ವೇದಿಕೆ ಈವರೆಗೂ ಸಿಕ್ಕಿರಲಿಲ್ಲ.

ವೇದಿಕೆಯ ಮೆಟ್ಟಿಲಲ್ಲೇ ಸಂಘಟಕ ಬ್ರೆಂಟ್ ತಡೆದ. ಶಿಕಾಗೋದ ಬಿಳಿ ಹುಡುಗ. ಹೊಲದ ಕೂಲಿಗಳು ತೊಡುವಂಥ, ಹೆಗಲಪಟ್ಟಿಯ ಹರಕು ಪ್ಯಾಂಟೊಂದನ್ನು ಮುಂದೆ ಹಿಡಿದ.

"ಬೇಜಾರು ಮಾಡ್ಕೋಬೇಡಿ ಟಿಲ್ಮನ್ ಅವ್ರೇ. ಸೂಟಲ್ಲಿ ಬ್ಯಾಂಕ್ ಮ್ಯಾನೇಜರ್ ಥರ ಕಾಣ್ತೀರ. ಜನ ಅಸಲಿ ನೋವು ನೋಡೋಕೆ ಬಂದಿದ್ದಾರೆ."

"ನೋವನ್ನ ನೋಡೋದಲ್ಲ, ಕೇಳೋದು ಅಂತ ಅವ್ರಿಗೆ ಹೇಳು."

"ಇದನ್ನ ಹಾಕದಿದ್ರೆ ಹಾಡೋ ಹಾಗಿಲ್ಲ."

ಓಡೆಲ್ ಪ್ಯಾಂಟನ್ನು ತಿರುಗಿಸಿ ನೋಡಿದ. ಮೊಣಕಾಲಿನ ತೂತನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದರು. ಹರಕಿಗೂ ಒಬ್ಬ ದರ್ಜಿ!

"ಲೋ ಮಗಾ, ನಮ್ಮಪ್ಪ ಗಿಟಾರು ಕಲಿತಿದ್ದೇ ಇದನ್ನ ಬಿಚ್ಚಿ ಎಸೆಯೋಕೆ. ಹರಿದ್ರೆ ನಮ್ಮಜ್ಜಿ ತೇಪೆ ಹಾಕೋಳು, ತೂತು ಬಿಟ್ಕೊಂಡು ಬೀದಿಗೆ ಹೋದ್ರೆ ಕಿವಿ ಹಿಂಡೋಳು. ನೀನೇ ಹಾಕ್ಕೊಂಡು ನೀನೇ ಹಾಡು, ಹೋಗು."

ರಸ್ತೆ ದಾಟಿ, ತಂಗಿ ಇರ್ಲೀನಳ ಕರಿದ ಮೀನಿನ ಅಂಗಡಿಯ ಬೆಂಚಿನ ಮೇಲೆ ಕೂತ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡ.

"ಅಣ್ಣಾ, ಟೈ ಸೊಟ್ಟಗಾಗಿದೆ. ಹೀಗೇ ಹಾಡಿ ನನ್ನ ಮರ್ಯಾದೆ ತೆಗೀಬೇಡ," ಎಂದು ಇರ್ಲೀನ್ ಬಗ್ಗಿ ಟೈ ಸರಿಮಾಡಿದಳು. ಅವನು ತಂತಿ ಮೀಟಿದ.

ಆಚೆ ಬ್ರೆಂಟ್ ಆ ಪ್ಯಾಂಟಿಗೆ ಹೊಂದುವ ಇನ್ನೊಬ್ಬ ಕರಿಯ ಮುದುಕನನ್ನು ಹುಡುಕುತ್ತಿದ್ದ. ಊರಿನ ಮುದುಕರೆಲ್ಲ ಇಸ್ತ್ರಿ ಮಾಡಿದ ಸೂಟು ತೊಟ್ಟು ಮೀನಿನಂಗಡಿಯ ಮುಂದೆ ನಿಂತಿದ್ದರು.