ಅದಲಾ-ಬದಲಿಗೆ ಕರೆಯದ ಮನೆ

ಹಳೆಯ ಕಾರಿನ ಹುಚ್ಚು ಹಿಡಿದವರಿಗೆ ಬೇರೆ ಹುಚ್ಚು ಹಿಡಿಯಲು ಪುರಸೊತ್ತೇ ಇರುವುದಿಲ್ಲ, ಬಿಡಿ. ರೈಲ್ವೆ ಸಿಗ್ನಲ್ ವಿಭಾಗದ ಬಾಲಚಂದ್ರ ಧಾರವಾಡದಿಂದ ವರ್ಗವಾಗಿ ಅಹಮದಾಬಾದಿನ ಮಣಿನಗರಕ್ಕೆ ಬಂದು ಹದಿಮೂರು ವರ್ಷವಾಗಿತ್ತು. ಭಾಷೆ ಬಾರದ ಆ ಊರಲ್ಲಿ ಅವನನ್ನು ಮೊದಲು ಹೆಸರು ಹಿಡಿದು ಕರೆದವರು ಕಾರಿನವರು. ಸೊಸೈಟಿಯ ಗೇಟಿನೆದುರು ಒಂದು ಖಾಲಿ ಮೈದಾನ. ತಿಂಗಳ ಮೊದಲ ಭಾನುವಾರ ಅಲ್ಲಿ ‘ಅದಲಾ-ಬದಲಿ’. ವಡೋದರಾ, ಸೂರತ್ ಕಡೆಯಿಂದಲೂ ಹಳೆಯ ಫಿಯಟ್ಟು, ಲ್ಯಾಂಡ್‌ಮಾಸ್ಟರುಗಳು ಕೆಮ್ಮುತ್ತ ಬರುತ್ತಿದ್ದವು. ನಿನ್ನ ಹೆಡ್‌ಲೈಟಿಗೆ ನನ್ನ ಕಾರ್ಬುರೇಟರ್, ನನ್ನ ವೈಪರಿಗೆ ನಿನ್ನ ಬಾಗಿಲ ಹಿಡಿಕೆ. ದುಡ್ಡಿನ ಮಾತೆತ್ತಿದವನನ್ನು ನಕ್ಕು ಓಡಿಸುತ್ತಿದ್ದರು. ಬಾಲಚಂದ್ರನ ೧೯೫೮ರ ಫಿಯಟ್ಟಿನಲ್ಲಿ ಅರ್ಧಕ್ಕರ್ಧ ಗೆಳೆಯರು ಕೊಟ್ಟ ಭಾಗಗಳೇ ಇದ್ದವು.

ಹದಿನಾಲ್ಕು ವರ್ಷ ನಡೆದ ಆ ಅದಲಾ-ಬದಲಿಗೆ ಈ ೧೯೯೪ರಲ್ಲಿ ಕುತ್ತು ಬಂತು. ಹೊಗೆ, ಹಾರ್ನು, ನೆಲದ ತುಂಬ ಎಣ್ಣೆ ಎಂದು ನಗರಪಾಲಿಕೆಗೆ ದೂರು ಹೋಯಿತು. ದೂರಿನ ಮುಂದಾಳು ಗೇಟಿನ ಪಕ್ಕದ ಮೊದಲ ಮನೆಯ ಜಯಂತಿಬೆನ್, ನಿವೃತ್ತ ಟೀಚರು. ಭಾನುವಾರ ಒಬ್ಬ ಅಧಿಕಾರಿ ನೋಡಲು ಬರುವವನಿದ್ದ. ಅವನೆದುರು ಜಯಂತಿಬೆನ್ ಪಟ್ಟು ಹಿಡಿದರೆ ಮುಗಿಯಿತು, ಮೈದಾನದ ಸುತ್ತ ಮುಳ್ಳುತಂತಿ. ಬಾಲಚಂದ್ರ ವಾರದಿಂದ ಫಿಯಟ್ಟಿನ ಬಾನೆಟ್ಟು ಎತ್ತಿರಲಿಲ್ಲ.

ಶನಿವಾರ ಸಂಜೆ ಹೆಂಡತಿ ತಾರಾ ಕುಂಕುಮದ ಬಟ್ಟಲು ಹಿಡಿದು ನಗುನಗುತ್ತ ಒಳಗೆ ಬಂದಳು.

“ಸೊಸೈಟಿ ಹೆಣ್ಮಕ್ಕಳನ್ನೆಲ್ಲಾ ಕುಂಕುಮ ಹಚ್ಚಿ ಕರದು ಬಂದೇನ್ರೀ. ನಾಳೆ ಹತ್ತಕ್ಕ ಮೈದಾನಕ್ಕ ಬರ್ತಾರ. ಬಿಸಿ ಚಹಾ, ಗಿರ್ಮಿಟ್ಟು ಕೊಟ್ಟರ ಜಗಳಾ ಯಾರು ಮಾಡ್ತಾರ?”

“ಭಲೇ! ಜಯಂತಿಬೆನ್ ಏನಂದ್ರು?”

ತಾರಾಳ ನಗು ಅಲ್ಲಿಗೇ ನಿಂತಿತು. “ಅವರ ಮನಿಗೆ ಹೋಗಲಿಲ್ಲ.”

“ಹೋಗಲಿಲ್ಲ? ಯಾಕ?”

“ಅವರ ಯಜಮಾನ್ರು ಹೋಗಿ ಎರಡು ವರ್ಷ ಆತು. ಕುಂಕುಮದ ಬಟ್ಟಲಾ ಹಿಡಕೊಂಡು ಅವರ ಮುಂದ ಹೆಂಗ ನಿಂದರ್ಲಿ? ಅವರ ಮನಸಿಗೆ ನೋವಾಗಬಾರದಂತ ದಾಟಿ ಬಂದೆ.”

“ಅವರು ನೋಡಿದ್ರೇನು?”

“ಬಾಗಿಲದಾಗ ನಿಂತಿದ್ರು.”

ಬಾಲಚಂದ್ರ ತಲೆಯ ಮೇಲೆ ಕೈ ಹೊತ್ತು ಕೂತ. ಬೈಯುವುದಾದರೂ ಹೇಗೆ? ಅವನ ಅವ್ವ ಇದ್ದಿದ್ದರೆ ಅವಳೂ ಹೀಗೇ ದಾಟಿ ಬರುತ್ತಿದ್ದಳು. ಊರಲ್ಲಿ ಮರ್ಯಾದೆ ಎಂದು ಕಲಿತದ್ದನ್ನೇ ತಾರಾ ಇಲ್ಲಿ ಮಾಡಿದ್ದಳು. ಮಾಡಬಾರದಿದ್ದ ಒಂದೇ ಒಂದು ಮನೆಗೆ ಮಾಡಿದ್ದಳು, ಅಷ್ಟೆ.

ಭಾನುವಾರ ಏಳಕ್ಕೇ ಅವನು ಮೈದಾನದಲ್ಲಿದ್ದ. ಎಣ್ಣೆ ಬಿದ್ದಲ್ಲೆಲ್ಲ ಮರದ ಹೊಟ್ಟು ಚೆಲ್ಲಿದ. ಹಾರ್ನು ಒತ್ತಿದವನ ಮೇಲೆ ಹರಿಹಾಯ್ದ. ಸೂರತ್ತಿನಿಂದ ಬಂದ ಗೆಳೆಯ ನಿತಿನ್ ಬೆನ್ನು ಚಪ್ಪರಿಸಿ ಏನೋ ಹೇಳಿದ, ಇವನ ಕಿವಿಗೆ ಹೋಗಲಿಲ್ಲ. ಹತ್ತಕ್ಕೆ ಹೆಂಗಸರು ಬಂದರು, ಗಿರ್ಮಿಟ್ಟು ಖಾರವೆಂದು ಉಸ್ಸೆನ್ನುತ್ತ ನಕ್ಕರು. ಅಷ್ಟರಲ್ಲಿ ಅಧಿಕಾರಿಯ ಸ್ಕೂಟರು ಬಂತು. ಅದರ ಹಿಂದೆಯೇ ಗೇಟು ಕಿರುಗುಟ್ಟಿತು. ಗಂಜಿ ಹಾಕಿದ ಬಿಳಿ ಸೀರೆ, ಕಂಕುಳಲ್ಲಿ ಫೈಲು: ಜಯಂತಿಬೆನ್. ಬಾಲಚಂದ್ರ ಎಣ್ಣೆಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟ.

ಆಕೆ ಅಧಿಕಾರಿಯನ್ನು ನೋಡಲೇ ಇಲ್ಲ. ನೇರವಾಗಿ ತಾರಾಳ ಮುಂದೆ ಬಂದು ನಿಂತು, ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲಿ ಹೇಳಿದರು.

“ನಿನ್ನೆ ನಿನ್ನ ಚಪ್ಪಲಿ ಸದ್ದು ಕೇಳುತ್ತ ನಿಂತಿದ್ದೆ. ಎರಡನೆಯ ಮನೆ, ಮೂರನೆಯ ಮನೆ, ಹದಿನೆಂಟನೆಯ ಮನೆಯವರೆಗೂ ಹೋದೆ. ಕೊನೆಗಾದರೂ ನನ್ನ ಮನೆಗೆ ಬರುತ್ತೀಯೆಂದು ಚಹಾಕ್ಕೆ ನೀರಿಟ್ಟಿದ್ದೆ. ನೀನು ತಲೆ ತಗ್ಗಿಸಿ ಹೊರಟೇಹೋದೆ.”

ತಾರಾಳ ಕಣ್ಣು ತುಂಬಿ ಬಂತು. “ತಪ್ಪಾಯಿತು, ಬೆನ್. ನಿಮಗೆ ನೋವಾಗಬಾರದು ಅಂತ...”

“ನೋವು ಆಯಿತು,” ಎಂದರು ಜಯಂತಿಬೆನ್. “ಅವರು ಹೋದ ದಿನ ಕೂಡ ಈ ಬೀದಿಯಲ್ಲಿ ನಾನು ಹೊರಗಿನವಳು ಅನ್ನಿಸಿರಲಿಲ್ಲ.”

ಬಂದ ಹೆಂಗಸರಿಗೆ ಹಚ್ಚಿದ ಕುಂಕುಮದ ಬಟ್ಟಲು ತಾರಾಳ ಕೈಯಲ್ಲೇ ಇತ್ತು. ಮುಚ್ಚಿಡುವುದೋ ನೀಡುವುದೋ ತಿಳಿಯದೆ ಅವಳು ಅದನ್ನು ಹಿಡಿದು ನಿಂತಿದ್ದಳು. ಜಯಂತಿಬೆನ್ ಒಂದು ಗಳಿಗೆ ಅದನ್ನೇ ನೋಡಿದರು. ಆಮೇಲೆ ಬೆರಳದ್ದಿ, ಎರಡು ಹೆಜ್ಜೆ ನಡೆದು, ಬಾಲಚಂದ್ರನ ಫಿಯಟ್ಟಿನ ಬಾನೆಟ್ಟಿಗೆ ಉದ್ದಕ್ಕೆ ಕುಂಕುಮ ಹಚ್ಚಿದರು.

ಅಧಿಕಾರಿ ಪೆನ್ನು ತೆಗೆದ. “ಹಾಗಾದರೆ ನಿಮ್ಮ ದೂರು, ಬೆನ್?”

“ದೂರು ಇದೆ, ಬರೆದುಕೊಳ್ಳಿ. ಇಲ್ಲಿ ಹಾರ್ನು ಒತ್ತಬಾರದು. ಗೇಟಿಗೆ ಗಾಡಿ ಅಡ್ಡ ನಿಲ್ಲಿಸಬಾರದು. ಎಣ್ಣೆ ಚೆಲ್ಲಿದವನೇ ಬಳಿಯಬೇಕು.” ಪಾಠ ಬರೆಸುವ ಟೀಚರ ದನಿ ಅದು. ಆಮೇಲೆ ತಾರಾಳತ್ತ ತಿರುಗಿ ಗದರಿದರು: “ಮುಂದಿನ ತಿಂಗಳು ಕರೆಯಲು ಹೊರಟಾಗ ಮೊದಲು ನನ್ನ ಬಾಗಿಲು. ತಿಳಿಯಿತೇ?”

ಅಧಿಕಾರಿ ಇನ್ನೂ ಏನೋ ಕೇಳುತ್ತಿದ್ದ. ನಿತಿನ್ ಇನ್ನೂ ಏನೋ ಹೇಳುತ್ತಿದ್ದ. ಬಾಲಚಂದ್ರನ ಕಿವಿಗೆ ಬಿದ್ದದ್ದು ‘ಮುಂದಿನ ತಿಂಗಳು’ ಎಂಬ ಎರಡೇ ಮಾತು. ಐವತ್ತು ದಾಟಿದ ಆ ಗಂಡಸು ಅಷ್ಟು ಜನರೆದುರು ಫಿಯಟ್ಟಿನ ಬಂಪರಿನ ಮೇಲೆ ಕುಸಿದು ಕೂತು, ಎಣ್ಣೆಗೈಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.