ಪ್ಯಾರಿಸ್ಸಿನಿಂದ ಬಂದ ಸಿಂಬೆ

ಪ್ಯಾರಿಸ್ಸಿನ ನೋಟರಿ ಗೋಬ್ಲೆಯವರ ಮಗು ಫಿಲಿಬೇರ್, ದೂರದ ಮೊರ್ವಾಂ ಗುಡ್ಡಗಾಡಿನ ದಾದಿ ಎಡ್ಮೆಯ ಮನೆಯಲ್ಲಿ ಅವಳ ಎದೆಹಾಲು ಕುಡಿದು ಬೆಳೆದವನು. ಅವನು ಗೋಡೆ ಹಿಡಿದು ನಿಲ್ಲುತ್ತಿದ್ದಾನೆಂಬ ಸುದ್ದಿ ಮುಟ್ಟಿದ್ದೇ ತಡ, ಹೆತ್ತವಳು ಒಂದು ಟೋಪಿ ಕಳಿಸಿದಳು. ಹೊಟ್ಟು ತುಂಬಿದ ದಪ್ಪ ಮಖಮಲ್ಲಿನ ಬಳೆ, ಗದ್ದಕ್ಕೆ ಕಟ್ಟಲು ರೇಷ್ಮೆ ಪಟ್ಟಿ. ಬಿದ್ದರೆ ಮಿದುಳು ಕಲಸಿ ಗಂಜಿಯಾಗುತ್ತದೆ, ಎಚ್ಚರವಿದ್ದಾಗಲೆಲ್ಲ ಇದು ತಲೆಯ ಮೇಲಿರಲಿ ಎಂದು ಗಾಡಿಯವನ ಬಾಯಲ್ಲಿ ಅಪ್ಪಣೆ.

“ನಮ್ಮೂರ್ ಮಕ್ಳದ್ದು ಮೊದ್ಲೇ ಗಂಜಿ, ಅದ್ಕೇ ಯಾರೂ ಟೋಪಿ ಹಾಕಲ್ಲ,” ಎಂದಳು ಒಲೆ ಮುಂದೆ ಕೂತಿದ್ದ ಎಡ್ಮೆಯ ಅತ್ತೆ ನಿಕೋಲ್.

ತೊಡಿಸಿದರೆ ಟೋಪಿ ಕಣ್ಣ ಮೇಲೆ ಜಾರುತ್ತಿತ್ತು. ಮಗು ಹೋಗಿ ಹಂದಿಗೇ ಹಾಯುತ್ತಿತ್ತು. ಎಡ್ಮೆ ಬಿಚ್ಚಿ ಗೂಟಕ್ಕೆ ತೂಗುಹಾಕಿದಳು. ಆದರೆ ಅಷ್ಟು ಮೆತ್ತಗಿನ ವಸ್ತು ಸುಮ್ಮನೆ ತೂಗುವುದನ್ನು ಯಾವ ಹೆಂಗಸು ಎಷ್ಟು ದಿನ ನೋಡಿಯಾಳು? ಹಾಲಿನ ಕೊಡ ಹೊರುವಾಗ ಅವಳ ಹಳೇ ಬಟ್ಟೆಯ ಸಿಂಬೆ ನೆತ್ತಿಗೆ ಒತ್ತುತ್ತಿತ್ತು. ಇದು ಒತ್ತಲಿಲ್ಲ. ಬೇಸಿಗೆ ಕಳೆಯುವಷ್ಟರಲ್ಲಿ ಮಖಮಲ್ಲು ರೊಟ್ಟಿಯಂತೆ ಚಪ್ಪಟೆಯಾಗಿ ಹುಳಿಹಾಲಿನ ವಾಸನೆ ಹಿಡಿಯಿತು. ಫಿಲಿಬೇರ್ ಮಾತ್ರ ಬರಿದಲೆಯಲ್ಲೇ ಬಿದ್ದು ಎದ್ದು ನಡೆಯಲು ಕಲಿತ.

ಗೋಬ್ಲೆ ದಂಪತಿ ಬಂದಾಗ ಗಾಡಿಯಲ್ಲಿ ಪುಟ್ಟ ಹಾಸಿಗೆಯೂ ಇತ್ತು. ಆರೈಕೆ ಸರಿಕಾಣದಿದ್ದರೆ ಮಗುವನ್ನು ಅಂದೇ ಕರೆದೊಯ್ಯುವುದೆಂದು ಅವರ ಲೆಕ್ಕ. ಆ ಹಾಸಿಗೆ ನೋಡಿ ಎಡ್ಮೆ ಮಗುವನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು.

ಮೇಡಮ್ಮನವರು ಮೊದಲು ಕೇಳಿದ್ದು ಟೋಪಿಯನ್ನೇ. ಅದರ ಅವಸ್ಥೆ ಕಂಡು ಕಣ್ಣು ತುಂಬಿಕೊಂಡರು. ಎಷ್ಟು ಸಲ ಬಿದ್ದಿದ್ದಾನೋ, ಇದಿಲ್ಲದಿದ್ದರೆ ಏನು ಗತಿಯಾಗುತ್ತಿತ್ತೋ ಎಂದು ಗಂಡನಿಗೆ ತೋರಿಸಿದರು. ನೋಟರಿಯವರು ಮೂಸಿ ನೋಡಿ, ಬೆಳೆಯುವ ಮಕ್ಕಳ ಬೆವರೇ ಹೀಗೆ ಎಂದು ತೀರ್ಪು ಕೊಟ್ಟರು.

“ಹಾಕ್ಕೋ ಮರಿ, ನಡೆದು ತೋರ್ಸು,” ಎಂದರು ಮೇಡಮ್ಮನವರು.

ಫಿಲಿಬೇರ್ ಟೋಪಿ ತೆಗೆದುಕೊಂಡ. ಅದರ ಜಾಗ ಯಾವುದೆಂದು ಅವನಿಗೆ ಗೊತ್ತಿತ್ತು. ತಾಯಿಯನ್ನು ದಾಟಿ ನೆಟ್ಟಗೆ ನಡೆದುಹೋಗಿ, ಕುಕ್ಕರಗಾಲಲ್ಲಿ ಕೂತಿದ್ದ ಎಡ್ಮೆಯ ನೆತ್ತಿಯ ಮೇಲೆ ಇಟ್ಟ.

ನಿಕೋಲ್ ಸುಮ್ಮಸುಮ್ಮನೆ ಕೆಮ್ಮಿದಳು.

“ನೋಡಿದ್ರಾ,” ಎಂದರು ಮೇಡಮ್ಮನವರು. “ತಾನು ಬಿದ್ರೂ ಚಿಂತೆಯಿಲ್ಲ, ದಾದಿ ಬೀಳ್ಬಾರ್ದು ಅಂತಾನೆ. ಇದು ಹುಟ್ಟಿನಿಂದ್ಲೇ ಬರ್ಬೇಕು.”

ತಮ್ಮ ತಂದೆಯೂ ಹೀಗೇ ಇದ್ದರೆಂದು ನೋಟರಿಯವರು ನೆನೆದರು.

“ಹೌದು ಅಮ್ಮಾವ್ರೇ,” ಎಂದಳು ಎಡ್ಮೆ ತಲೆ ತಗ್ಗಿಸದೆ. ತಗ್ಗಿಸಿದರೆ ಟೋಪಿ ಬೀಳುತ್ತಿತ್ತು. “ಅವ್ನಿಗೆ ಯಾವಾಗ್ಲೂ ನನ್ ತಲೇದೇ ಚಿಂತೆ.”

ಮಗು ತಮ್ಮ ಹತ್ತಿರ ಬರಲೇ ಇಲ್ಲವೆಂಬುದು ಮೇಡಮ್ಮನವರ ಗಮನಕ್ಕೆ ಬರಲಿಲ್ಲ. ಇಂಥ ಗುಣ ಇಲ್ಲೇ ಬಲಿಯಲಿ, ಬರುವ ಸುಗ್ಗಿಯವರೆಗೆ ಇರಲಿ ಎಂದು ನಿಶ್ಚಯಿಸಿ, ಇನ್ನೂ ದಪ್ಪದ ಟೋಪಿ ಕಳಿಸುವುದಾಗಿ ಹೇಳಿ, ಹಾಸಿಗೆಯೊಂದಿಗೆ ಗಾಡಿ ಹತ್ತಿದರು.

ಎಡ್ಮೆ ಕೊಡ ಎತ್ತಿ ತಲೆಗಿಟ್ಟುಕೊಂಡಳು. ಫಿಲಿಬೇರ್ ಅವಳ ಲಂಗ ಹಿಡಿದ.

“ಹೊಸದು ಬಂದ್ರೆ,” ಎಂದಳು ನಿಕೋಲ್, “ಅದು ನಂಗೆ.”